ಮೊದಲನೆಯದು ಸಿಸೇರಿಯನ್, ಎರಡನೆಯದು ಹೇಗೆ? ಸಹಜ ಹೆರಿಗೆಗೂ ಮರು ಶಸ್ತ್ರಚಿಕಿತ್ಸೆಗೂ ನಡುವಿನ ಆಯ್ಕೆ

ಎರಡನೆಯ ಸಲ ಗರ್ಭಿಣಿಯಾದಾಗ ವೈದ್ಯೆ ನನ್ನನ್ನು ಪರೀಕ್ಷಿಸುವುದಕ್ಕೂ ಮೊದಲು ಕೇಳಿದ್ದು ಒಂದು ಹಳೆಯ ಕಾಗದವನ್ನು. ಮೊದಲ ಹೆರಿಗೆಯ ಡಿಸ್ಚಾರ್ಜ್ ಚೀಟಿ ಅದು. ಬೀರುವಿನಲ್ಲಿ ಮಗಳ ಜನನ ಪತ್ರ, ಲಸಿಕೆ ಕಾರ್ಡುಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಮಡಿಕೆಯ ಗೆರೆಯಲ್ಲಿ ಶಾಯಿ ಮಾಸಿತ್ತು. ಆದರೂ ಬೇಕಾಗಿದ್ದ ಸಾಲು ಉಳಿದಿತ್ತು: ಎಲ್‌ಎಸ್‌ಸಿಎಸ್, ಕಾರಣ ಬ್ರೀಚ್. ಮಗು ತಲೆಯ ಬದಲು ಪೃಷ್ಠ ಕೆಳಗೆ ಮಾಡಿ ಕುಳಿತಿದ್ದರಿಂದ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದು ಹೊರತೆಗೆದಿದ್ದೇವೆ ಎಂದು ಅದರ ಅರ್ಥ. ವೈದ್ಯೆ ಆ ಸಾಲಿನ ಮೇಲೆ ಬೆರಳಿಟ್ಟು, "ಹಾಗಾದರೆ ನಿಮಗೆ ಆಯ್ಕೆ ಇದೆ" ಎಂದರು.

ನಾನು ಸಹಜ ಹೆರಿಗೆಯನ್ನು ಆರಿಸಿಕೊಂಡೆ, ಆಯಿತು. ಮರುವರ್ಷ ನನ್ನ ಓರಗಿತ್ತಿ ಅದೇ ಪ್ರಶ್ನೆಯ ಮುಂದೆ ನಿಂತು, ಎಲ್ಲ ವಿಚಾರಿಸಿ, ದಿನ ಗೊತ್ತುಮಾಡಿ ಎರಡನೆಯ ಸಿಸೇರಿಯನ್ ಮಾಡಿಸಿಕೊಂಡಳು. ಇಬ್ಬರೂ ಸರಿಯಾಗಿಯೇ ಆರಿಸಿದೆವು ಎಂದು ಇಂದಿಗೂ ನಂಬಿದ್ದೇನೆ. ಇಬ್ಬರ ಹಳೆಯ ಕಾಗದಗಳು ಹೇಳಿದ್ದು ಬೇರೆ ಬೇರೆಯಾಗಿತ್ತು, ಅಷ್ಟೇ.

‘ಒಮ್ಮೆ ಕೊಯ್ದರೆ ಮುಗಿಯಿತು’ ಎಂಬ ಮಾತು

ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂದು 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ ಹೇಳಿದ್ದರು. ಆಗ ಗರ್ಭಕೋಶವನ್ನು ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೆ ಸೀಳುತ್ತಿದ್ದರು. ಹೆರಿಗೆ ನೋವಿನಲ್ಲಿ ಹಿಂಡಿಕೊಳ್ಳುವುದು ಆ ಭಾಗವೇ, ಹಾಗಾಗಿ ಹಳೆಯ ಹೊಲಿಗೆ ಬಿರಿಯುವ ಭಯ ನಿಜವಾಗಿಯೂ ದೊಡ್ಡದಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗದ ತೆಳು ಗೋಡೆಯಲ್ಲಿ ಅಡ್ಡಕ್ಕೆ ಕೊಯ್ಯುವ ಕ್ರಮವನ್ನು ಬಳಕೆಗೆ ತಂದರು. ಇಂದು ನಮ್ಮಲ್ಲಿ ಆಗುವ ಬಹುಪಾಲು ಸಿಸೇರಿಯನ್‌ಗಳು ಈ ಬಗೆಯವು. ಮಾತು ಮಾತ್ರ ಹಳೆಯದೇ ಉಳಿದಿದೆ.

ಇದು ಯಾರೋ ಕೆಲವರ ಪ್ರಶ್ನೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ. 23.6 ಇದ್ದದ್ದು 2019-21ರಲ್ಲಿ ಶೇ. 31.5ಕ್ಕೆ ಏರಿತು. ಸುಮಾರು ಮೂರು ಹೆರಿಗೆಗಳಲ್ಲಿ ಒಂದು. ಎರಡನೆಯ ಮಗು ಬೇಕೆನಿಸಿದಾಗ ಆ ತಾಯಂದಿರೆಲ್ಲ ಈ ಕವಲಿಗೆ ಬಂದೇ ಬರುತ್ತಾರೆ. ಅಲ್ಲಿ ಎರಡು ದಾರಿಗಳಿವೆ ಎಂಬುದನ್ನೇ ಎಷ್ಟೋ ಮಂದಿಗೆ ಯಾರೂ ಹೇಳಿರುವುದಿಲ್ಲ ಎನ್ನುವುದೇ ನನ್ನ ಸಂಕಟ.

ಎರಡು ದಾರಿ, ಮೂರು ಊರು

ಸಹಜ ಹೆರಿಗೆ ಒಂದು ಕಡೆ, ಸಿಸೇರಿಯನ್ ಇನ್ನೊಂದು ಕಡೆ ಇಟ್ಟು ತೂಗುವುದು ರೂಢಿ. ಈ ತಕ್ಕಡಿ ಸರಿಯಲ್ಲ. ಸಹಜ ಹೆರಿಗೆಯನ್ನು ಯಾರೂ ಆರಿಸಿಕೊಳ್ಳಲಾರರು. ಆರಿಸಿಕೊಳ್ಳಬಹುದಾದದ್ದು ಅದರ ಪ್ರಯತ್ನವನ್ನು ಮಾತ್ರ. ಆ ದಾರಿ ಎರಡು ಊರುಗಳಿಗೆ ಹೋಗುತ್ತದೆ: ಒಂದು ಸಹಜ ಹೆರಿಗೆ, ಇನ್ನೊಂದು ನೋವು ತಿಂದ ಮೇಲೆ ಆಗುವ ತುರ್ತು ಸಿಸೇರಿಯನ್. ಮೂರನೆಯ ಊರು, ಮೊದಲೇ ದಿನ ನಿಗದಿಯಾದ ಸಿಸೇರಿಯನ್.

ಈ ಮೂರರಲ್ಲಿ ತಾಯಿಯ ದೇಹಕ್ಕೆ ಹಗುರವಾದದ್ದು ಯಶಸ್ವಿಯಾದ ಸಹಜ ಹೆರಿಗೆ. ಭಾರವಾದದ್ದು ಪ್ರಯತ್ನ ಫಲಿಸದೆ ಮಾಡಬೇಕಾಗಿ ಬರುವ ತುರ್ತು ಶಸ್ತ್ರಚಿಕಿತ್ಸೆ. ಅದರಲ್ಲಿ ಸೋಂಕು, ರಕ್ತಸ್ರಾವ ಎರಡೂ ಹೆಚ್ಚು. ನಿಗದಿತ ಸಿಸೇರಿಯನ್ ಇವೆರಡರ ನಡುವೆ ನಿಲ್ಲುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಯಾವುದು ಒಳ್ಳೆಯದು’ ಎಂದಲ್ಲ, ‘ನಾನು ಪ್ರಯತ್ನಿಸಿದರೆ ಫಲಿಸುವ ಸಂಭವ ಎಷ್ಟು’ ಎಂದು.

ಹೀಗೆ ಪ್ರಯತ್ನಿಸುವವರಲ್ಲಿ ಒಟ್ಟಾರೆ ನೂರಕ್ಕೆ 60ರಿಂದ 80 ಮಂದಿಗೆ ಸಹಜವಾಗಿ ಹೆರಿಗೆಯಾಗುತ್ತದೆ. ಸಿಸೇರಿಯನ್‌ಗೆ ಮೊದಲೋ ಆಮೇಲೋ ಒಮ್ಮೆಯಾದರೂ ಸಹಜ ಹೆರಿಗೆ ಆಗಿದ್ದವರಲ್ಲಿ ಇದು 85ರಿಂದ 90. ಕಳೆದ ಸಲದ ಕಾರಣ ಈ ಸಲ ಮರಳಬೇಕಾಗಿಲ್ಲದ್ದಾದರೆ, ನನ್ನ ಬ್ರೀಚ್‌ನಂತೆ, ಭರವಸೆ ಹೆಚ್ಚು. ಕಳೆದ ಸಲ ಗಂಟೆಗಟ್ಟಲೆ ನೋವು ತಿಂದರೂ ದಾರಿ ತೆರೆಯಲಿಲ್ಲ, ಮಗು ಇಳಿಯಲಿಲ್ಲ ಎಂದಾಗಿದ್ದರೆ ಸ್ವಲ್ಪ ಕಡಿಮೆ. ನನ್ನ ಓರಗಿತ್ತಿಯ ಕಾಗದದಲ್ಲಿದ್ದದ್ದು ಇದೇ. ಈ ಸಲ ಸಕ್ಕರೆ ಕಾಯಿಲೆಯೂ ಜೊತೆಗೂಡಿತ್ತು, ಮಗು ದೊಡ್ಡದಿದೆ ಎಂದು ಸ್ಕ್ಯಾನಿಂಗ್ ಹೇಳುತ್ತಿತ್ತು. ತಾಯಿಯ ತೂಕ ಬಹಳ ಹೆಚ್ಚಿದ್ದರೆ, ನೋವು ತಾನಾಗಿ ಬಾರದೆ ಬರಿಸಬೇಕಾದರೆ ಸಂಭವ ಇನ್ನಷ್ಟು ಇಳಿಯುತ್ತದೆ. ಇವನ್ನೆಲ್ಲ ಕೂಡಿಸಿ ನೋಡಿದ ಮೇಲೆ ಅವಳು ನಿಗದಿತ ಸಿಸೇರಿಯನ್‌ಗೆ ಒಪ್ಪಿದ್ದು ಹೆದರಿಕೆಯಿಂದಲ್ಲ.

ಹೊಲಿಗೆ ಬಿರಿಯುವ ಭಯ

ಎಲ್ಲರೂ ಕೇಳುವುದು ಇದನ್ನೇ, ಕೇಳಲೂಬೇಕು. ಕೆಳಭಾಗದ ಅಡ್ಡ ಹೊಲಿಗೆ ಒಂದಿದ್ದು ನೋವು ತಾನಾಗಿ ಬಂದರೆ ಗರ್ಭಕೋಶ ಬಿರಿಯುವುದು ಸುಮಾರು 200 ಮಂದಿಯಲ್ಲಿ ಒಬ್ಬರಿಗೆ. ನೋವು ಬರುವ ಮೊದಲೇ ನಿಗದಿತ ಸಿಸೇರಿಯನ್ ಮಾಡಿದರೆ 10,000ದಲ್ಲಿ ಇಬ್ಬರಿಗಿಂತ ಕಡಿಮೆ. ಈ ಅಂತರವನ್ನು ಮುಚ್ಚಿಟ್ಟು ಯಾರನ್ನೂ ಸಹಜ ಹೆರಿಗೆಗೆ ಹುರಿದುಂಬಿಸಬಾರದು. ಬಿರಿದಾಗ ಮಗುವಿನ ಎದೆಬಡಿತ ಕುಸಿಯುತ್ತದೆ, ನಿಮಿಷಗಳಲ್ಲಿ ಹೊಟ್ಟೆ ತೆರೆಯಬೇಕಾಗುತ್ತದೆ. ಆದರೆ 200ರಲ್ಲಿ 199 ಮಂದಿಗೆ ಆಗುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಹೆದರಿಸುವುದೂ ಅನ್ಯಾಯವೇ. ಸಿದ್ಧತೆಯಿರುವ ಆಸ್ಪತ್ರೆಯಲ್ಲಿ ಈ ಪ್ರಯತ್ನದಿಂದ ಮಗುವಿಗೆ ಬರುವ ಪ್ರಾಣಾಪಾಯ, ಮೊದಲ ಸಲ ಹೆರುವ ಯಾವುದೇ ತಾಯಿಯ ಮಗುವಿಗೆ ಇರುವಷ್ಟೇ.

ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನ ಹೊಲಿಗೆಯನ್ನು ಊಹಿಸಬೇಡಿ. ಚರ್ಮದಲ್ಲಿ ಅಡ್ಡ ಗೆರೆಯಿದ್ದು ಒಳಗೆ ಉದ್ದ ಸೀಳಿರಬಹುದು. ಬಹಳ ಮುಂಚೆ ಹುಟ್ಟಿದ ಮಗುವನ್ನು ತೆಗೆಯುವಾಗ ಕೆಲವೊಮ್ಮೆ ಹಾಗೆ ಮಾಡಬೇಕಾಗುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಬೇಕು, ಕಳೆದುಹೋಗಿದ್ದರೆ ಆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಪ್ರತಿ ಕೇಳಿ. ಮೇಲ್ಭಾಗದ ಉದ್ದ ಸೀಳು ಅಥವಾ ಟಿ ಆಕಾರದ ಸೀಳು ಇದ್ದವರಿಗೆ, ಹಿಂದೆ ಒಮ್ಮೆ ಗರ್ಭಕೋಶ ಬಿರಿದವರಿಗೆ, ಈ ಸಲ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತವರಿಗೆ ಪ್ರಯತ್ನದ ದಾರಿ ಇಲ್ಲ. ಫೈಬ್ರಾಯ್ಡ್ ಗಡ್ಡೆಗಳನ್ನು ಆಳವಾಗಿ ಕೊಯ್ದು ತೆಗೆಸಿಕೊಂಡವರೂ ಅದನ್ನು ತಪ್ಪದೆ ಹೇಳಬೇಕು. ಎರಡು ಸಿಸೇರಿಯನ್ ಆದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಅಪಾಯ ಹೆಚ್ಚು. ಅನುಭವಿ ವೈದ್ಯರಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಆ ವಿಚಾರ ಎತ್ತಬಹುದು.

ಅಂತರವೂ ಮುಖ್ಯ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆಯಿದ್ದರೆ ಹೊಲಿಗೆ ಬಿರಿಯುವ ಸಂಭವ ಏರುತ್ತದೆ. ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು 24 ತಿಂಗಳಾದರೂ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ಮಗುವಿಗೆ ವರ್ಷ ತುಂಬುವ ಮೊದಲೇ "ಇನ್ನೊಂದು ಯಾವಾಗ" ಎಂದು ಕೇಳುವ ಹಿರಿಯರಿಗೆ ಈ ಮಾತನ್ನು ಗಂಡನೇ ಹೇಳುವುದು ಒಳ್ಳೆಯದು.

ನೋವು ಬರಿಸುವ ಔಷಧಿಗಳ ಬಗ್ಗೆ ಒಂದು ಎಚ್ಚರ. ಹಳೆಯ ಸಿಸೇರಿಯನ್ ಇರುವವರಿಗೆ ತಿಂಗಳು ತುಂಬಿದಾಗ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಾರದು. ಆಕ್ಸಿಟೋಸಿನ್ ಡ್ರಿಪ್ ಕೊಡಬಹುದು, ಆದರೆ ಬಿರಿಯುವ ಸಂಭವ ಹೆಚ್ಚುತ್ತದೆ ಎಂದು ತಿಳಿದು, ಅಳತೆ ನೋಡಿಕೊಂಡು. ಔಷಧಿಯಿಲ್ಲದೆ ಬಲೂನ್ ಕ್ಯಾಥೆಟರ್‌ನಿಂದ ದಾರಿ ತೆರೆಸುವ ಕ್ರಮವೂ ಇದೆ. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್‌ಗೆ ಹಳೆಯ ಹೊಲಿಗೆ ಅಡ್ಡಿಯಲ್ಲ.

ರಾತ್ರಿ ಎರಡು ಗಂಟೆಯ ಪ್ರಶ್ನೆ

ವೈದ್ಯೆ ಎಷ್ಟೇ ಒಳ್ಳೆಯವರಿರಲಿ, ಆಸ್ಪತ್ರೆಯನ್ನು ಒಂದು ಮಾತು ಕೇಳಿ: "ರಾತ್ರಿ ಎರಡು ಗಂಟೆಗೆ ಮಗುವಿನ ಎದೆಬಡಿತ ಇಳಿದರೆ ಎಷ್ಟು ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆ ಶುರುವಾಗುತ್ತದೆ?" ಅರಿವಳಿಕೆ ತಜ್ಞರು ಕಟ್ಟಡದೊಳಗೆ ಇರುತ್ತಾರೋ, ಫೋನು ಮಾಡಿ ಕರೆಸಬೇಕೋ? ರಕ್ತ ಅಲ್ಲೇ ಸಿಗುತ್ತದೋ, ಗಂಡ ಗಾಡಿ ಹತ್ತಿ ಹುಡುಕಬೇಕೋ? ನೋವಿನ ಉದ್ದಕ್ಕೂ ಎದೆಬಡಿತ ದಾಖಲಿಸುವ ಯಂತ್ರ ಇದೆಯೋ? ಹೊಲಿಗೆ ಬಿರಿಯುವ ಮೊದಲ ಸುಳಿವು ಬಹುತೇಕ ಸಿಗುವುದು ಆ ಯಂತ್ರದ ಕಾಗದದ ಮೇಲೆ.

ನನ್ನ ಊರಿನ ನರ್ಸಿಂಗ್ ಹೋಂ ಮನೆಯಿಂದ ಐದು ನಿಮಿಷ. ಅರಿವಳಿಕೆ ತಜ್ಞರು ಪಕ್ಕದ ತಾಲೂಕಿನಿಂದ ಬರಬೇಕು ಎಂದು ಅವರೇ ಪ್ರಾಮಾಣಿಕವಾಗಿ ಹೇಳಿದರು. ಆ ಒಂದು ಉತ್ತರದಿಂದ ನಾನು ಒಂದೂವರೆ ಗಂಟೆ ದೂರದ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೆಸರು ಬರೆಸಿದೆ, ಕೊನೆಯ ಎರಡು ವಾರ ಅಲ್ಲಿಯೇ ಸಂಬಂಧಿಕರ ಮನೆಯಲ್ಲಿದ್ದೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂತಹ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳ ಜನಜಂಗುಳಿ ನೋಡಿ ಹಿಂಜರಿಯುವವರಿದ್ದಾರೆ. ಆದರೆ ಈ ವಿಷಯದಲ್ಲಿ ರಾತ್ರಿಪಾಳಿಯ ವೈದ್ಯರು ಎಸಿ ಕೋಣೆಗಿಂತ ದೊಡ್ಡವರು. ಮನೆಯಲ್ಲಿ ಹೆರುವ ಮಾತಂತೂ ಬೇಡವೇ ಬೇಡ.

ಸಿದ್ಧತೆಯಿರುವ ಆಸ್ಪತ್ರೆ ಕೈಗೆಟುಕದಿದ್ದರೆ ನಿಗದಿತ ಸಿಸೇರಿಯನ್ನೇ ಸರಿ, ನಿಮ್ಮ ದೇಹ ಎಷ್ಟೇ ಅನುಕೂಲವಾಗಿರಲಿ. ಖಾಸಗಿಯಲ್ಲಾದರೆ ಖರ್ಚನ್ನು ಮೂರು ಬಗೆಯಾಗಿ ಕೇಳಿ: ಸಹಜವಾದರೆ ಎಷ್ಟು, ನಿಗದಿತವಾದರೆ ಎಷ್ಟು, ಪ್ರಯತ್ನಿಸಿ ಕೊನೆಗೆ ಸಿಸೇರಿಯನ್ ಆದರೆ ಎಷ್ಟು. ಮೂರನೆಯ ಮೊತ್ತವನ್ನು ಕೈಯಲ್ಲಿಟ್ಟುಕೊಂಡು ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟವೂ ಉಂಟು.

ನಿಗದಿತ ದಿನ, ಮುಹೂರ್ತದ ದಿನ

ನಿಗದಿತ ಸಿಸೇರಿಯನ್ನಿನ ದೊಡ್ಡ ಅನುಕೂಲ ಗೊತ್ತಿರುವ ದಿನ. ಮೊದಲ ಮಗುವನ್ನು ನೋಡಿಕೊಳ್ಳುವವರು ಯಾರು, ಊರಿಂದ ಅಮ್ಮ ಯಾವಾಗ ಬರಬೇಕು, ಎಲ್ಲ ಮೊದಲೇ ತೀರ್ಮಾನವಾಗುತ್ತದೆ. ತೊಡಕಿಲ್ಲದಿದ್ದರೆ ಆ ದಿನ 39 ವಾರ ತುಂಬಿದ ಮೇಲೆ ಇರಬೇಕು. ನೋವಿಲ್ಲದೆ ಹೊರಬಂದ ಮಗುವಿನ ಶ್ವಾಸಕೋಶದಲ್ಲಿ ನೀರಿನಂಶ ಉಳಿದು ಉಸಿರಾಟದ ತೊಂದರೆಯಾಗುವುದು ಸ್ವಲ್ಪ ಹೆಚ್ಚು, ವಾರ ಕಡಿಮೆಯಾದಷ್ಟೂ ಇನ್ನೂ ಹೆಚ್ಚು. ನಕ್ಷತ್ರ ನೋಡಿ 37ನೆಯ ವಾರಕ್ಕೆ ದಿನವಿಟ್ಟು, ಮಗು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮುಹೂರ್ತ ನೋಡಲೇಬೇಕೆಂದರೆ 39 ವಾರ ಕಳೆದ ದಿನಗಳಲ್ಲೇ ನೋಡಿಸಿ. ಮತ್ತೆ, ನಿಗದಿತ ದಿನಕ್ಕೆ ಮೊದಲೇ ನೋವು ಬಂದರೆ ಏನು ಮಾಡುವುದು ಎಂದೂ ಕೇಳಿಟ್ಟುಕೊಳ್ಳಿ. ಎಷ್ಟೋ ಸಲ ಬರುತ್ತದೆ.

ಇನ್ನೆಷ್ಟು ಮಕ್ಕಳು?

ಸಿಸೇರಿಯನ್ ಹೆಚ್ಚಾದಷ್ಟೂ ಮುಂದಿನ ಗರ್ಭದಲ್ಲಿ ಮಾಸು ಹಳೆಯ ಹೊಲಿಗೆಯೊಳಗೆ ಬೇರುಬಿಟ್ಟು ಬಿಡಿಸಿಕೊಳ್ಳದಿರುವ ಅಪಾಯ ಏರುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಿದ್ದವರ ಪೈಕಿ ಹಿಂದೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ ಶೇ. 11, ಎರಡು ಆಗಿದ್ದವರಲ್ಲಿ ಶೇ. 40 ಮಂದಿಗೆ ಹೀಗಾಗಿತ್ತು. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮೂರು-ನಾಲ್ಕು ಮಕ್ಕಳ ಆಸೆಯಿರುವವರಿಗೆ ಸಹಜ ಹೆರಿಗೆಯ ಪರವಾಗಿ ಇದಕ್ಕಿಂತ ಗಟ್ಟಿ ಕಾರಣವಿಲ್ಲ. ಎರಡಕ್ಕೇ ಸಾಕು ಎನ್ನುವವರಿಗೆ, ನಮ್ಮ ರಾಜ್ಯದಲ್ಲಿ ಹೆಚ್ಚಿನವರು ಹಾಗೆಯೇ, ಈ ಕಾರಣ ಅಷ್ಟು ತೂಗುವುದಿಲ್ಲ.

"ಹೇಗೂ ಸಂತಾನಹರಣ ಚಿಕಿತ್ಸೆ ಆಗಬೇಕಲ್ಲ, ಜೊತೆಗೇ ಸಿಸೇರಿಯನ್ ಆಗಿಬಿಡಲಿ" ಎನ್ನುವ ಮಾತು ಮನೆಮನೆಯಲ್ಲಿದೆ. ಅದೊಂದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಬೇಡಿ. ಸಹಜ ಹೆರಿಗೆಯಾದ ವಾರದೊಳಗೇ ಚಿಕ್ಕ ಗಾಯದಲ್ಲಿ ಅದನ್ನು ಮಾಡುತ್ತಾರೆ. ಗಂಡಸರ ಚಿಕಿತ್ಸೆ ಇನ್ನೂ ಸರಳ, ಅದೇ ದಿನ ಮನೆಗೆ ಬರಬಹುದು.

ಬಾಣಂತನ: ಎರಡನ್ನೂ ಕಂಡ ಮೇಲೆ

ಸಿಸೇರಿಯನ್ ನಂತರ ಮೊದಲ ಸಲ ಎದ್ದ ಗಳಿಗೆ ನನ್ನ ದೇಹಕ್ಕೆ ಇನ್ನೂ ನೆನಪಿದೆ. ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಕಾಲನ್ನು ಮಂಚದಿಂದ ಇಳಿಸಿ, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ನಿಲ್ಲಬೇಕು. ನಕ್ಕರೆ, ಕೆಮ್ಮಿದರೆ ಹೊಲಿಗೆ ಹರಿದಂತೆ ಅನಿಸುತ್ತಿತ್ತು. ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು ಎಂದರು. ಎರಡನೆಯ ಸಲ ಇದು ಇನ್ನೂ ಕಷ್ಟ, ಏಕೆಂದರೆ ಎತ್ತಿಕೋ ಎಂದು ಕೈಚಾಚುವ ದೊಡ್ಡ ಮಗುವೊಂದು ಮನೆಯಲ್ಲಿರುತ್ತದೆ. ನನ್ನ ಓರಗಿತ್ತಿ ಅತ್ತದ್ದು ಹೊಲಿಗೆಯ ನೋವಿಗಲ್ಲ, ಮೂರು ವರ್ಷದ ಮಗನನ್ನು ಎತ್ತಿಕೊಳ್ಳಲಾಗದ್ದಕ್ಕೆ.

ಸಹಜ ಹೆರಿಗೆಯಾದ ಎರಡು ಗಂಟೆಗೆ ನಾನು ನಡೆದು ಹೋಗಿ ಮುಖ ತೊಳೆದೆ. ಅಷ್ಟು ನಿಜ. ಆದರೆ "ನಾರ್ಮಲ್ ಅಲ್ಲವಾ, ಇನ್ನೇನು" ಎಂದು ಮನೆಯವರು ಮೂರನೆಯ ದಿನಕ್ಕೇ ಅಡುಗೆಮನೆ ಕಡೆ ನೋಡಿದಾಗ ನೋವಾಯಿತು. ಯೋನಿಗೂ ಗುದಕ್ಕೂ ನಡುವಿನ ಜಾಗದಲ್ಲಿ ಹೊಲಿಗೆ ಇತ್ತು. ಹತ್ತು ದಿನ ಒಂದೇ ಪಕ್ಕಕ್ಕೆ ಭಾರ ಹಾಕಿ ಕುಳಿತೆ. ಮೂತ್ರ ಉರಿಯುತ್ತಿತ್ತು. ಒಬ್ಬ ನರ್ಸ್ ಹೇಳಿಕೊಟ್ಟಂತೆ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಹಿಡಿದು, ಮೂತ್ರ ಮಾಡುವಾಗಲೇ ಸಣ್ಣಗೆ ಸುರಿದುಕೊಂಡರೆ ಉರಿ ಅರ್ಧಕ್ಕಿಳಿಯುತ್ತಿತ್ತು. ಮೊದಲ ಮಲವಿಸರ್ಜನೆಯ ಹೆದರಿಕೆ ಹೆರಿಗೆಯ ಹೆದರಿಕೆಗಿಂತ ಕಡಿಮೆಯೇನಲ್ಲ. ನೀರು, ಸೊಪ್ಪು, ಹಣ್ಣು ಚೆನ್ನಾಗಿ ತೆಗೆದುಕೊಳ್ಳಬೇಕು. ಮಲ ಸಡಿಲಿಸುವ ಔಷಧಿಯನ್ನು ಕೇಳಿ ಪಡೆಯಲು ನಾಚಬೇಡಿ. ಮಗು ಹಾಲು ಕುಡಿಯುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಗರ್ಭಕೋಶ ಕುಗ್ಗುತ್ತಿರುವುದರ ಗುರುತು, ಎರಡನೆಯ ಹೆರಿಗೆಯಲ್ಲಿ ಇದು ಮೊದಲಿಗಿಂತ ಜೋರು.

ಹೆರಿಗೆಯ ಗಾಯಗಳೆಲ್ಲ ಒಂದೇ ಅಲ್ಲ. ಮೊದಲ ಹಂತದ್ದು ಚರ್ಮದ ಗೀರು, ಎರಡನೆಯದರಲ್ಲಿ ಸ್ನಾಯು ಹರಿದಿರುತ್ತದೆ. ಮೂರು ಮತ್ತು ನಾಲ್ಕನೆಯ ಹಂತದಲ್ಲಿ ಮಲ ತಡೆಯುವ ಸ್ನಾಯುವಿಗೇ ಪೆಟ್ಟಾಗಿರುತ್ತದೆ. ಸಿಸೇರಿಯನ್ ನಂತರ ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ ನೂರಕ್ಕೆ ಸುಮಾರು ಐವರಿಗೆ ಈ ದೊಡ್ಡ ಗಾಯವಾಗುತ್ತದೆ. ನಿಮಗೆ ಎಷ್ಟನೆಯ ಹಂತದ ಗಾಯವಾಯಿತು ಎಂದು ಮನೆಗೆ ಹೊರಡುವ ಮೊದಲು ಕೇಳಿ. ಗಾಳಿಯೋ ಮಲವೋ ತಡೆಯಲಾಗುತ್ತಿಲ್ಲ ಎನಿಸಿದರೆ ವರ್ಷಗಟ್ಟಲೆ ಸಹಿಸಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಕೆಮ್ಮಿದರೆ ಮೂತ್ರ ಜಾರುವುದನ್ನು ನಮ್ಮ ತಾಯಂದಿರು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಬದುಕಿದರು. ನಾವು ಹಾಗೆ ಮಾಡಬೇಕಿಲ್ಲ. ಮೂತ್ರ ತಡೆಹಿಡಿಯುವಂತೆ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮವನ್ನು ಒಂದು ಸಲಕ್ಕೆ ಎಂಟರಂತೆ ದಿನಕ್ಕೆ ಮೂರು ಸಲ, ಮೂರು ತಿಂಗಳು ಮಾಡಬೇಕು. ಸಿಸೇರಿಯನ್ ಆದವರಿಗೂ ಇದು ಬೇಕು, ಮಗುವನ್ನು ಒಂಬತ್ತು ತಿಂಗಳು ಹೊತ್ತದ್ದು ಅದೇ ಸ್ನಾಯು.

ರಕ್ತ ಹೋಗುವುದು ಎರಡರಲ್ಲೂ ಇದೆ. ಕೆಂಪು, ಆಮೇಲೆ ಕಂದು, ಆಮೇಲೆ ಬಿಳಿಚು ಹಳದಿ, ಹೀಗೆ ನಾಲ್ಕರಿಂದ ಆರು ವಾರ. ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಬಂದರೆ, ಸ್ರಾವ ದುರ್ವಾಸನೆ ಹೊಡೆದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಉಸಿರು ಸಿಕ್ಕದಂತಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳ ಇದೆ. ತವರಿನ ವಿಶ್ರಾಂತಿ, ಅಂಟಿನ ಉಂಡೆ, ಬೆಳ್ಳುಳ್ಳಿ ಸಾರು, ಯಾರೋ ಒಬ್ಬರು ಮಗುವನ್ನು ಎತ್ತಿಕೊಂಡು "ನೀನು ಮಲಗು" ಎನ್ನುವುದು, ಇವು ಎಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬಿಡಬೇಕಾದದ್ದು ಮೂರು. ನೀರು ಕುಡಿಸದಿರುವುದು: ಬಾಯಾರಿಕೆಯ ಬಾಣಂತಿಗೆ ಮಲಬದ್ಧತೆ, ಹೊಲಿಗೆಗೆ ತಿಣುಕು. ಮಂಚದ ಕೆಳಗಿನ ಕೆಂಡ ಮತ್ತು ಹೊಗೆ: ಮಗುವಿನ ಎಳೆಯ ಶ್ವಾಸಕ್ಕೆ ಆಗದು. ಹಸಿ ಹೊಲಿಗೆಯ ಮೇಲೆ ಕುದಿನೀರು ಹುಯ್ಯುವುದು, ಹೊಟ್ಟೆಯ ಗಾಯದ ಮೇಲೆ ಎಣ್ಣೆ ತಿಕ್ಕುವುದು: ಮಾಯುವವರೆಗೆ ಬೇಡ. ಎಣ್ಣೆನೀರು ಬೇಕೆಂದರೆ ತಲೆಗೆ, ಬೆನ್ನಿಗೆ, ಕಾಲಿಗೆ ಆಗಲಿ.

ಪ್ರಯತ್ನಿಸಿಯೂ ಸಿಸೇರಿಯನ್ ಆದವರ ಬಾಣಂತನವೇ ಎಲ್ಲಕ್ಕಿಂತ ಕಠಿಣ. ದೇಹಕ್ಕೆ ಎರಡರ ದಣಿವು, ಮನಸ್ಸಿಗೆ ಸೋತೆನೆಂಬ ಭಾರ. ನೋಡಲು ಬಂದವರ "ಆಗಲಿಲ್ಲವಾ?" ಎಂಬ ಒಂದು ಮಾತು ಸಾಕು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ನಾನು ಹೇಳುವುದಾದರೆ

ಕೆಳಭಾಗದ ಅಡ್ಡ ಹೊಲಿಗೆ ಒಂದೇ ಇದ್ದು, ಅಂತರ ಎರಡು ವರ್ಷಕ್ಕೆ ಹತ್ತಿರವಿದ್ದು, ಕಳೆದ ಸಲದ ಕಾರಣ ಮರಳದಿದ್ದು, ರಾತ್ರಿಯೂ ಸಿದ್ಧವಿರುವ ಆಸ್ಪತ್ರೆ ಸಿಕ್ಕರೆ ಪ್ರಯತ್ನಿಸಿ. ಇವುಗಳಲ್ಲಿ ಆಸ್ಪತ್ರೆಯೊಂದು ಇಲ್ಲವೆಂದಾದರೂ ಪ್ರಯತ್ನ ಬೇಡ. ಉಳಿದವು ಅಷ್ಟಿಷ್ಟು ಏರುಪೇರಾದರೆ ವೈದ್ಯರ ಜೊತೆ ಕುಳಿತು ಮಾತಾಡಿ. 36ನೆಯ ವಾರದೊಳಗೆ ತೀರ್ಮಾನವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಏಕೆಂದರೆ ನೋವು ಬಂದ ರಾತ್ರಿ ಕರ್ತವ್ಯದಲ್ಲಿರುವವರು ಬೇರೆಯವರಾಗಿರುತ್ತಾರೆ. ಸಹಜ ಹೆರಿಗೆಗೆ ಒಪ್ಪಿದವರು ನೋವಿನ ನಡುವೆ ಮನಸ್ಸು ಬದಲಿಸಬಹುದು, ಅದು ಅವರ ಹಕ್ಕು. ನೋವು ಶುರುವಾದೊಡನೆ ಹೊರಡಿ. ನೋವುಗಳ ನಡುವೆಯೂ ಬಿಡದೆ ಹೊಲಿಗೆಯ ಜಾಗ ನೋಯುತ್ತಿದ್ದರೆ, ರಕ್ತ ಕಂಡರೆ ಒಂದು ಕ್ಷಣವೂ ಕಾಯಬೇಡಿ.

ಹೇಗೆ ಹೆತ್ತರೂ ಆಸ್ಪತ್ರೆ ಬಿಡುವ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಎಲ್ಲಿ, ಯಾವ ಬಗೆಯದು, ಕಾರಣವೇನು ಎಂದು ಬರೆದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲಿಯೇ ನಿಂತು ಬರೆಸಿಕೊಂಡು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಆಮೇಲೆ ಮಗುವನ್ನೆತ್ತಿಕೊಂಡು ಗಾಡಿ ಹತ್ತಿ.